ಹಳೆಯ ಎಲೆಕ್ಟ್ರಿಕ್ ಮೋಟಾರುಗಳನ್ನು ಮನೆಯ ಕೆಲಸಕ್ಕೆ ಒದಗಿಸಿಕೊಳ್ಳುವ ಕ್ರಮ

ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳಲ್ಲಿ ತೋಟ ಗದ್ದೆಗಳುಳ್ಳ ಮನೆಗಳನ್ನು ಹೊಕ್ಕು ನೋಡಿದರೆ, ಕೊಟ್ಟಿಗೆಯ ಮೂಲೆಯಲ್ಲಿಯೋ ಪಂಪುಮನೆಯ ಹಿಂಬದಿಯಲ್ಲಿಯೋ ಹಳೆಯ ಎಲೆಕ್ಟ್ರಿಕ್ ಮೋಟಾರು ಒಂದೆರಡಾದರೂ ಬಿದ್ದಿರುವುದು ಕಂಡುಬರುತ್ತದೆ. ತೆರೆದ ಬಾವಿಯ ನೀರು ಇಳಿದುಹೋಗಿ ಕೊಳವೆಬಾವಿಯನ್ನು ತೋಡಿಸಿದ ಮೇಲೆ ಮೊದಲಿನ ಪಂಪಿಗೆ ಕೆಲಸವಿಲ್ಲದಂತಾಗುತ್ತದೆ. ಪಂಪಿನ ಹೊಟ್ಟೆ ಒಡೆದು ಮೋಟಾರು ಮಾತ್ರ ಉಳಿಯುತ್ತದೆ. ರುಬ್ಬುವ ಯಂತ್ರದ ಕಲ್ಲು ಸವೆದು ಹೊಸದನ್ನು ತಂದಾಗ ಹಳೆಯದು ಅಟ್ಟವನ್ನು ಸೇರುತ್ತದೆ. ಇವು ಕಡೆಗೆ ಗುಜರಿಯವನ ತಕ್ಕಡಿಗೆ ಹೋಗುವುವು. ಅವನು ಕೊಡುವುದು ತಾಮ್ರದ ಮತ್ತು ಎರಕದ ಕಬ್ಬಿಣದ ತೂಕದ ಬೆಲೆಯೇ ಹೊರತು ಯಂತ್ರದ ಬೆಲೆಯಲ್ಲ. ಒಳಗಿನ ಸುರುಳಿ ತಾಮ್ರದ್ದಲ್ಲದೆ ಅಲ್ಯುಮಿನಿಯಮ್ಮಿನದಾಗಿದ್ದರೆ ಆ ಬೆಲೆಯೂ ದೊರೆಯುವುದಿಲ್ಲ. ಹೀಗೆ ಮಾರಿದ ರೈತನು ಮರುವರ್ಷ ಸಾಣೆಯ ಯಂತ್ರಕ್ಕೋ ಮೇವು ಕತ್ತರಿಸುವ ಯಂತ್ರಕ್ಕೋ ಪೂರ್ಣ ಬೆಲೆ ಕೊಟ್ಟು ಹೊಸ ಮೋಟಾರನ್ನು ತರುವುದುಂಟು.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತಿದೆ. ಸಿಕ್ಕಿದ ಮೋಟಾರನ್ನು ಪರೀಕ್ಷಿಸದೆ, ಭೂಸಂಪರ್ಕವಿಲ್ಲದೆ, ಮುಚ್ಚಳವಿಲ್ಲದ ಬೆಲ್ಟಿನಿಂದ ಯಾವುದಾದರೊಂದು ಚಕ್ರಕ್ಕೆ ಕಟ್ಟಿ ತಿರುಗಿಸುವವರಿದ್ದಾರೆ. ಮೊದಲನೆಯ ತಪ್ಪಿನಿಂದ ಹಣ ಹೋಗುತ್ತದೆ. ಎರಡನೆಯದರಿಂದ ಬೆರಳು, ಕಣ್ಣು, ಕೆಲವು ವೇಳೆ ಪ್ರಾಣವೂ ಹೋಗುತ್ತದೆ. ಆದುದರಿಂದ ಯಾವ ಮೋಟಾರನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಗುಜರಿಗೇ ಬಿಡಬೇಕು, ಉಳಿಸಿಕೊಂಡದ್ದನ್ನು ಹೇಗೆ ಹೂಡಬೇಕು ಎಂಬುದನ್ನು ಊರಿನ ಯಜಮಾನರೂ ಜಮೀನುದಾರರೂ ಅರಿತಿರುವುದು ಉಚಿತ. ಇಂಥ ಕೆಲಸವನ್ನು ಸಾಮಾನ್ಯವಾಗಿ ಮನೆಯ ಹುಡುಗರೇ ಉತ್ಸಾಹದಿಂದ ಕೈಗೊಳ್ಳುವರು. ಅವರನ್ನು ತಡೆಯುವುದಕ್ಕಿಂತ ಸರಿಯಾದ ದಾರಿಯನ್ನು ತೋರಿಸುವುದು ಮೇಲು.

ಈ ಸೀಮೆಗೆ ವಿದ್ಯುಚ್ಛಕ್ತಿಯ ಪರಿಚಯ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ ರಲ್ಲಿ ಕೆಲಸವನ್ನಾರಂಭಿಸಿತು. ಅದೇ ಊರಿನಲ್ಲಿ ೧೯೩೬ ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯು ಬಹುಕಾಲ ನಡೆದು ೨೦೧೫ ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಜೋಗದ ವಿದ್ಯುದಾಗಾರ ೧೯೪೮ ರಲ್ಲಿಯೂ, ಶರಾವತಿಯ ದೊಡ್ಡ ಯೋಜನೆ ೧೯೬೪-೬೫ ರಲ್ಲಿಯೂ ಕೆಲಸಕ್ಕೆ ತೊಡಗಿದುವು. ದೊಡ್ಡ ಕಾರ್ಖಾನೆಗಳಿದ್ದ ಊರಿನಲ್ಲಿ ಫಿಟ್ಟರು, ಟರ್ನರು, ಸುರುಳಿ ಸುತ್ತುವವರು ಮೂರು ನಾಲ್ಕು ತಲೆಮಾರುಗಳಿಂದ ಬೆಳೆದುಬರುವುದು ಸಹಜ. ಭದ್ರಾವತಿಯಲ್ಲಿಯೂ, ಎರಡು ಊರುಗಳ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಸುತ್ತಲೂ, ಶಿವಮೊಗ್ಗ ನಗರದಲ್ಲಿಯೂ ಲೇತಿನ ಕೆಲಸವಾಗಲಿ ವೈಂಡಿಂಗ್ ಆಗಲಿ ಮಾಡಿಸಿಕೊಳ್ಳಲು ದೂರ ಹೋಗಬೇಕಾದುದಿಲ್ಲ. ಹಳೆಯ ಮೋಟಾರನ್ನು ಉಳಿಸಿಕೊಳ್ಳುವವರಿಗೆ ಇದು ಬೇರೆ ಸೀಮೆಗಳಲ್ಲಿ ಸುಲಭವಾಗಿ ದೊರೆಯದ ಅನುಕೂಲ.

ಮೋಟಾರು ಏಕೆ ಹಳತಾಗುವುದಿಲ್ಲ

ರೈತರಲ್ಲಿರುವ ಮೋಟಾರುಗಳಲ್ಲಿ ಬಹುಪಾಲು ಇಂಡಕ್ಷನ್ ಜಾತಿಯವು. ನಿಕೋಲಾ ಟೆಸ್ಲಾ ಎಂಬಾತನು ೧೮೮೮ ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ಹೊರಗಿನ ಸ್ಥಿರಭಾಗದಲ್ಲಿ ತಂತಿಯ ಸುರುಳಿಗಳಿದ್ದು, ವಿದ್ಯುತ್ತು ಹರಿದಾಗ ಅಲ್ಲಿ ಕಾಂತಶಕ್ತಿಯ ಒಂದು ಸುಳಿ ಏಳುತ್ತದೆ. ತುಂಗೆಯ ಸುಳಿಯಲ್ಲಿ ಬಿದ್ದ ಎಲೆಯು ಸುಳಿಯೊಡನೆ ತಾನೂ ಸುತ್ತುತ್ತ, ಆದರೆ ಅದಕ್ಕಿಂತ ತುಸು ಹಿಂದಾಗಿಯೇ ಉಳಿಯುವಂತೆ, ನಡುವಿನ ತಿರುಗುವ ಭಾಗವು ಆ ಕಾಂತಸುಳಿಯನ್ನು ಹಿಂಬಾಲಿಸುತ್ತದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಸುಳಿಯ ವೇಗ ನಿಮಿಷಕ್ಕೆ ೧೫೦೦ ಸುತ್ತಾದರೆ ಮೋಟಾರಿನ ವೇಗ ಸುಮಾರು ೧೪೪೦. ಎರಡು ಧ್ರುವಗಳದ್ದಾದರೆ ೩೦೦೦ ಕ್ಕೆ ಸುಮಾರು ೨೮೮೦. ತಗಡಿನ ಮೇಲೆ ೧೪೪೦ ಅಥವಾ ೨೮೮೦ ಎಂದು ಬರೆದಿರುವುದರ ಕಾರಣ ಇದೇ.

ಈ ತಿರುಗುವ ಭಾಗಕ್ಕೆ ಹೊರಗಿನಿಂದ ತಂತಿಯ ಸಂಪರ್ಕವಿಲ್ಲ, ಉಜ್ಜುವ ಇದ್ದಿಲ ತುಂಡುಗಳಿಲ್ಲ. ಉಕ್ಕಿನ ತಗಡುಗಳ ನಡುವೆ ಅಲ್ಯುಮಿನಿಯಮ್ಮಿನ ಸರಳುಗಳನ್ನು ಎರಕ ಹೊಯ್ದ ಒಂದು ಪಂಜರ, ಅಷ್ಟೆ. ಅದು ಸವೆಯುವುದಿಲ್ಲ. ಮೋಟಾರಿನಲ್ಲಿ ಮುಪ್ಪು ಬರುವುದು ಎರಡೇ ಕಡೆ: ಬೇರಿಂಗುಗಳಲ್ಲಿ ಒಂದು, ಸುರುಳಿಯ ತಂತಿಗೆ ಹಚ್ಚಿದ ನಿರೋಧಕ ಲೇಪದಲ್ಲಿ ಇನ್ನೊಂದು. ಬೇರಿಂಗನ್ನು ಬದಲಾಯಿಸುವುದು ಸುಲಭ. ನಿರೋಧಕದ ಶತ್ರುಗಳು ಬಿಸಿ ಮತ್ತು ತೇವ. ಸುರುಳಿಯು ಇರಬೇಕಾದುದಕ್ಕಿಂತ ಹತ್ತು ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಬಿಸಿಯಾಗಿಯೇ ನಡೆದರೆ ನಿರೋಧಕದ ಆಯಸ್ಸು ಹೆಚ್ಚು ಕಡಮೆ ಅರ್ಧಕ್ಕಿಳಿಯುವುದೆಂದು ಎಂಜಿನಿಯರುಗಳು ಲೆಕ್ಕ ಹಾಕುವರು. ಇಪ್ಪತ್ತು ವರ್ಷ ತಂಪಾಗಿ ನಡೆದ ಮೋಟಾರು, ಎರಡು ಫೇಸುಗಳಲ್ಲಿ ಒಂದೇ ಬೇಸಗೆ ಒದ್ದಾಡಿದ ಮೋಟಾರಿಗಿಂತ ಉತ್ತಮವೆಂಬುದು ಇದರಿಂದ ತಿಳಿಯುವುದು. ಹೊರಗಣ ಬಣ್ಣ ಹೋಗಿದೆಯೆಂದು ಹಳಿಯುವುದೂ, ಹೊಸ ಬಣ್ಣ ಬಳಿದಿದೆಯೆಂದು ನಂಬುವುದೂ ಎರಡೂ ಸಲ್ಲದು.

ಉಳಿಸತಕ್ಕವು, ಬಿಡತಕ್ಕವು

ತೆರೆದ ಬಾವಿಯ ಮೇಲೆ ಕೂರಿಸುವ ಮಾನೋಬ್ಲಾಕ್ ಪಂಪಿನ ಮೋಟಾರು, ಬೆಲ್ಟಿನಿಂದ ಪಂಪನ್ನು ನಡೆಸುತ್ತಿದ್ದ ಹಳೆಯ ಭಾರಿ ಮೋಟಾರು, ದೊಡ್ಡ ರುಬ್ಬುವ ಯಂತ್ರದ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಇವೆಲ್ಲವೂ ಉಳಿಸಿಕೊಳ್ಳಲು ಯೋಗ್ಯವಾದುವು. ಬಟ್ಟೆ ಒಗೆಯುವ ಯಂತ್ರದ ಮೋಟಾರಿನಲ್ಲಿ ಬಲ ಕಡಮೆ. ಚಿಕ್ಕ ಕೆಲಸಕ್ಕೆ ಮಾತ್ರ ಆದೀತು.

ಕೊಳವೆಬಾವಿಯೊಳಗೆ ಇಳಿಬಿಡುವ ಮೋಟಾರನ್ನು ನೆಲದ ಮೇಲೆ ಯಾವ ಕೆಲಸಕ್ಕೂ ಬಳಸಕೂಡದು. ಅದು ಸುತ್ತ ಹರಿಯುವ ನೀರಿನಿಂದಲೇ ತಂಪಾಗುವಂತೆ ರಚಿತವಾಗಿದೆ. ಗಾಳಿಯಲ್ಲಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಕೆಡುವುದು. ಮಿಕ್ಸಿಯ ಮೋಟಾರು ಇಂಡಕ್ಷನ್ ಜಾತಿಯದಲ್ಲ. ಇದ್ದಿಲ ತುಂಡುಗಳುಳ್ಳದ್ದು, ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುವಂಥದು, ಕೆಲವೇ ನಿಮಿಷ ನಡೆದು ವಿಶ್ರಮಿಸಬೇಕಾದದ್ದು. ಹೊರೆಯಿಲ್ಲದೆ ಬಿಟ್ಟರೆ ವೇಗ ಮಿತಿಮೀರಿ ಏರುತ್ತದೆ. ಇದರ ತುದಿಗೆ ಸಾಣೆಕಲ್ಲನ್ನು ಸಿಕ್ಕಿಸುವುದು ಹುಚ್ಚು ಸಾಹಸವೇ ಸರಿ. ಶೀತಪೆಟ್ಟಿಗೆಯ ಮೋಟಾರು ಎಣ್ಣೆ ಅನಿಲಗಳೊಡನೆ ಕಬ್ಬಿಣದ ಗಡಿಗೆಯೊಳಗೆ ಬೆಸೆದಿರುವುದರಿಂದ ಅದನ್ನು ಮುಟ್ಟಬೇಕಾದುದೇ ಇಲ್ಲ. ಚಾವಣಿಯ ಫ್ಯಾನು ಗಾಳಿ ಬೀಸುವುದನ್ನು ಬಿಟ್ಟು ಮತ್ತಾವುದಕ್ಕೂ ಸಾಲದು.

ಮೂರು ಫೇಸಿನ ಮೋಟಾರಿನ ವಿಷಯದಲ್ಲಿ ಒಂದು ಮಾತು. ೪೧೫ ವೋಲ್ಟಿನ ಈ ಮೋಟಾರಿಗೆ ಕಂಡೆನ್ಸರನ್ನು ಕಟ್ಟಿ ಮನೆಯ ೨೩೦ ವೋಲ್ಟಿನ ಒಂದೇ ಫೇಸಿನಲ್ಲಿ ನಡೆಸಬಹುದೆಂದು ಹೇಳುವವರಿದ್ದಾರೆ. ಹಾಗೆ ತಿರುಗುವುದೇನೋ ತಿರುಗೀತು. ಆದರೆ ವೋಲ್ಟೇಜು ಸಾಲದೆ ಬಲವಿಲ್ಲದೆ ಬಿಸಿಯಾಗುತ್ತದೆ, ಕಡೆಗೆ ಸುಡುತ್ತದೆ. ಮೂರು ಫೇಸಿನ ಸರಬರಾಯಿ ಇಲ್ಲದ ಮನೆಯವರು ಅಂಥ ಮೋಟಾರನ್ನು ಇಟ್ಟುಕೊಳ್ಳುವುದಕ್ಕಿಂತ, ಅದುಳ್ಳ ನೆರೆಯವರಿಗೆ ಕೊಟ್ಟು ಒಂದು ಫೇಸಿನದನ್ನು ವಿನಿಮಯ ಮಾಡಿಕೊಳ್ಳುವುದು ಲೇಸು.

ಪರೀಕ್ಷೆ

ಮೊದಲು ತಗಡನ್ನು ಉಜ್ಜಿ ಓದಬೇಕು. ಅಶ್ವಶಕ್ತಿ, ವೋಲ್ಟು, ಆಂಪಿಯರು, ಸುತ್ತು, ಫೇಸು, ಈ ಐದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳತಕ್ಕದ್ದು. ಒಂದು ಅಶ್ವಶಕ್ತಿ ಎಂದರೆ ೭೪೬ ವ್ಯಾಟು. ನಷ್ಟವೂ ಸೇರಿ ಅಂಥ ಮೋಟಾರು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಯೂನಿಟ್ಟು ವಿದ್ಯುತ್ತನ್ನು ತೆಗೆದುಕೊಳ್ಳುತ್ತದೆ. ತಗಡು ಕಿತ್ತುಹೋಗಿದ್ದರೆ ವೈಂಡಿಂಗ್ ಬಲ್ಲವರು ಸುರುಳಿಗಳನ್ನು ನೋಡಿ ಧ್ರುವಗಳನ್ನೆಣಿಸಿ ಹೇಳಬಲ್ಲರು. ತಗಡನ್ನು ಬೇಕೆಂದೇ ಅರದಿಂದ ಉಜ್ಜಿ ಅಳಿಸಿದ್ದರೆ ಅದು ಬೇರೆಯ ಮಾತು. ಅದನ್ನು ಮುಂದೆ ಹೇಳಲಾಗುವುದು.

ಅನಂತರ ವಿದ್ಯುತ್ತಿನ ಸಂಪರ್ಕವಿಲ್ಲದೆಯೇ ದಂಡವನ್ನು ಕೈಯಿಂದ ತಿರುಗಿಸಿ ನೋಡಬೇಕು. ಸದ್ದಿಲ್ಲದೆ ತಿರುಗಿ ತಾನಾಗಿ ನಿಂತರೆ ಬೇರಿಂಗು ಚೆನ್ನಾಗಿದೆ. ಮರಳು ಅರೆದಂತೆ ಸದ್ದಾದರೆ, ಅಥವಾ ದಂಡವನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಸಡಿಲು ಕಂಡರೆ, ಬೇರಿಂಗನ್ನು ಬದಲಾಯಿಸಬೇಕು. ಬೇರಿಂಗಿನ ಪಕ್ಕದಲ್ಲಿ ೬೨೦೪, ೬೨೦೫ ಎಂಬಂಥ ಸಂಖ್ಯೆ ಕೊರೆದಿರುತ್ತದೆ. ೦೪ ರಿಂದ ಮೇಲ್ಪಟ್ಟ ಸಂಖ್ಯೆಗಳಲ್ಲಿ ಕಡೆಯ ಎರಡು ಅಂಕಗಳನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ: ೬೨೦೪ ಕ್ಕೆ ೨೦, ೬೨೦೫ ಕ್ಕೆ ೨೫. ಅದೇ ಸಂಖ್ಯೆಯದನ್ನು ಕೊಂಡು, ದಂಡದ ಮೇಲೆ ಕೂರಿಸುವಾಗ ಒಳಬಳೆಯನ್ನು ಮಾತ್ರ ಒತ್ತಬೇಕು; ಹೊರಬಳೆಗೆ ಸುತ್ತಿಗೆಯಿಂದ ಹೊಡೆದರೆ ಹೊಸ ಬೇರಿಂಗು ಅಂದೇ ಹಳತಾಗುತ್ತದೆ.

ಮೂರನೆಯದು ಸುರುಳಿ. ಮುಚ್ಚಳವನ್ನು ತೆಗೆದು ಮೂಸಿ ನೋಡಿದರೆ ಸುಟ್ಟ ಅರಗಿನ ವಾಸನೆ ಅಡಗುವುದಿಲ್ಲ. ಸುರುಳಿಯ ಒಂದು ಭಾಗ ಕಪ್ಪಾಗಿ ಉಳಿದ ಭಾಗ ಹೊಂಬಣ್ಣವಾಗಿದ್ದರೆ ಫೇಸು ತಪ್ಪಿ ಸುಟ್ಟದ್ದೆಂದು ತಿಳಿಯಬಹುದು. ಕಣ್ಣಿಗೆ ಚೆನ್ನಾಗಿ ಕಂಡರೂ ೫೦೦ ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಕವಚಕ್ಕೂ ನಡುವಣ ನಿರೋಧವನ್ನು ಅಳೆಯಿಸತಕ್ಕದ್ದು. ಈ ಸಲಕರಣೆ ವೈಂಡಿಂಗ್ ಅಂಗಡಿಗಳಲ್ಲಿರುವುದು; ಕೆಲಸ ಐದು ನಿಮಿಷದ್ದು. ಒಂದು ಮೆಗೋಮಿಗಿಂತ ಕಡಮೆ ಬಂದರೆ ಆ ಮೋಟಾರಿಗೆ ವಿದ್ಯುತ್ತನ್ನು ಕೊಡಕೂಡದು. ಮಲೆನಾಡಿನ ಮಳೆಗಾಲವನ್ನು ಹೊರಗೆ ಕಳೆದ ಮೋಟಾರಿನಲ್ಲಿ ಹೀಗೆ ಕಡಮೆ ಬರುವುದು ತೇವದಿಂದಲೂ ಆಗಿರಬಹುದು. ಬಿಚ್ಚಿ ನಾಲ್ಕಾರು ದಿನ ಬಿಸಿಲಿನಲ್ಲಿಡುವುದು, ಇಲ್ಲವೆ ಮರದ ಪೆಟ್ಟಿಗೆಯೊಳಗಿರಿಸಿ ಪಕ್ಕದಲ್ಲಿ ನೂರು ವ್ಯಾಟಿನ ತಂತಿಯ ಬಲ್ಬನ್ನು ಒಂದೆರಡು ದಿನ ಉರಿಸುವುದು. ಆಮೇಲೆ ಮತ್ತೆ ಅಳೆಯಿಸುವುದು. ನಿರೋಧ ಏರಿದ್ದರೆ ವಾರ್ನಿಷು ಹಾಕಿಸಿ ಉಪಯೋಗಿಸಬಹುದು. ಏರದಿದ್ದರೆ ಸುರುಳಿ ಹಾಳಾಗಿದೆ.

ಹಾಳಾದ ಸುರುಳಿಯನ್ನು ಹೊಸದಾಗಿ ಸುತ್ತಿಸುವುದು ಲಾಭವೋ ನಷ್ಟವೋ ಎಂಬುದು ಮೋಟಾರಿನ ಗಾತ್ರವನ್ನು ಹೊಂದಿದೆ. ಭಾರವಾದ ಎರಕದ ಕವಚವುಳ್ಳ ಮೂರು ಅಥವಾ ಐದು ಅಶ್ವಶಕ್ತಿಯ ಮೋಟಾರಿಗೆ ಖರ್ಚು ಮಾಡುವುದು ಸಾರ್ಥಕ. ಅರ್ಧ ಅಶ್ವಶಕ್ತಿಯದಕ್ಕೆ ಸುತ್ತಿಸುವ ಕೂಲಿಯೇ ಅದರ ಬೆಲೆಯನ್ನು ಮುಟ್ಟೀತು. ಸುತ್ತಿಸುವಾಗ ಹಳೆಯ ತಂತಿಯನ್ನು ಬೆಂಕಿಯಿಟ್ಟು ಸುಟ್ಟು ಕೀಳಬಾರದೆಂದು ಮೊದಲೇ ಕಟ್ಟುಮಾಡಬೇಕು. ಬೆಂಕಿಯ ಕಾವಿಗೆ ಉಕ್ಕಿನ ತಗಡುಗಳ ನಡುವಣ ತೆಳುವಾದ ಲೇಪ ಸುಟ್ಟುಹೋಗಿ, ಆ ಮೋಟಾರು ಮುಂದೆಂದೂ ತಂಪಾಗಿ ನಡೆಯಲಾರದು.

ಒಂದು ಫೇಸಿನ ಮೋಟಾರುಗಳಲ್ಲಿ ಸುರುಳಿಯೂ ಬೇರಿಂಗೂ ಚೆನ್ನಾಗಿದ್ದು, ಗುಂಯ್ ಎಂದು ಸದ್ದು ಮಾಡುತ್ತ ತಿರುಗದೆ ನಿಲ್ಲುವುದು ಬಹಳ ಕಡೆ ಕಾಣುತ್ತದೆ. ಕೈಯಿಂದ ನೂಕಿದರೆ ನೂಕಿದ ದಿಕ್ಕಿಗೆ ಓಡುತ್ತದೆ. ಇದು ಕಂಡೆನ್ಸರ್ ಸತ್ತುಹೋದುದರ ಲಕ್ಷಣ. ಅಲ್ಪ ಬೆಲೆಯ ಈ ಡಬ್ಬಿಯ ದೆಸೆಯಿಂದ ಎಷ್ಟೋ ಒಳ್ಳೆಯ ಮೋಟಾರುಗಳು ಗುಜರಿಗೆ ಹೋಗಿವೆ. ಅದೇ ಮೈಕ್ರೋಫ್ಯಾರಡ್ ಮತ್ತು ಅದೇ ವೋಲ್ಟಿನ ಹೊಸದನ್ನು ಹಾಕಿದರೆ ಸಾಕು. ಆದರೆ ಕಂಡೆನ್ಸರಿನಲ್ಲಿ ಸಂಪರ್ಕ ತೆಗೆದ ಮೇಲೆಯೂ ವಿದ್ಯುತ್ತು ನಿಂತಿರುತ್ತದೆ. ಅದರ ಎರಡು ತುದಿಗಳಿಗೂ ಒಂದು ಬಲ್ಬಿನ ತಂತಿಗಳನ್ನು ತಾಗಿಸಿ ಬರಿದುಮಾಡಿದ ಹೊರತು ಕೈಯಿಡಬಾರದು.

ಹೂಡುವ ಕ್ರಮ

ಮಾನೋಬ್ಲಾಕ್ ಪಂಪಿನಲ್ಲಿ ಮೋಟಾರಿನ ದಂಡವೇ ಮುಂದೆ ಚಾಚಿ ನೀರೆಸೆಯುವ ಚಕ್ರವನ್ನು ಹೊತ್ತಿರುತ್ತದೆ. ಪಂಪಿನ ಹೊಟ್ಟೆಯನ್ನೂ ಚಕ್ರವನ್ನೂ ಬಿಚ್ಚಿ, ದಂಡದ ಅಳತೆಗೆ ಸರಿಯಾಗಿ ಲೇತಿನಲ್ಲಿ ಒಂದು ಪುಲ್ಲಿಯನ್ನು ಕಡೆಯಿಸಿ ಕೂರಿಸಬೇಕು. ಕೆಲವು ದಂಡಗಳಲ್ಲಿ ಚಾವಿಯ ಗಾಡಿ ಇರುತ್ತದೆ, ಕೆಲವುದರಲ್ಲಿ ಮರೆಯ ಸುತ್ತು ಮಾತ್ರವಿರುತ್ತದೆ. ಮರೆಯ ಸುತ್ತಿನದಾದರೆ ತಿರುಗುವ ದಿಕ್ಕು ಪುಲ್ಲಿಯನ್ನು ಬಿಗಿಮಾಡುವಂಥದಾಗಿರಬೇಕು, ಸಡಿಲಿಸುವಂಥದಾಗಿರಬಾರದು. ದಿಕ್ಕನ್ನು ಬದಲಾಯಿಸುವುದು ಮೂರು ಫೇಸಿನ ಮೋಟಾರಿನಲ್ಲಿ ಯಾವುವಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದಷ್ಟು ಸುಲಭ. ಒಂದು ಫೇಸಿನದರಲ್ಲಿ ಆರಂಭದ ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಬೇಕು. ಪಂಪಿನ ಮೋಟಾರು ಅಡ್ಡ ಸೆಳೆತಕ್ಕಾಗಿ ರಚಿತವಾದುದಲ್ಲವಾದ್ದರಿಂದ ಪುಲ್ಲಿಯನ್ನು ಬೇರಿಂಗಿಗೆ ಆದಷ್ಟು ಹತ್ತಿರ ಕೂರಿಸಿ, ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲ ತಗ್ಗುವಷ್ಟೇ ಬಿಗಿಯಬೇಕು.

ವೇಗದ ಲೆಕ್ಕ ಸರಳ. ಮೋಟಾರಿನ ಸುತ್ತನ್ನು ಅದರ ಪುಲ್ಲಿಯ ಅಗಲದಿಂದ ಗುಣಿಸಿ, ಯಂತ್ರದ ಪುಲ್ಲಿಯ ಅಗಲದಿಂದ ಭಾಗಿಸಿದರೆ ಯಂತ್ರದ ಸುತ್ತು ಬರುತ್ತದೆ. ೧೪೪೦ ರ ಮೋಟಾರಿಗೆ ಮೂರು ಅಂಗುಲದ ಪುಲ್ಲಿ, ಯಂತ್ರಕ್ಕೆ ಆರು ಅಂಗುಲದ್ದು ಎಂದರೆ ೭೨೦. ಈ ಲೆಕ್ಕವನ್ನು ಮಾಡದೆ ಯಾವ ಚಕ್ರವನ್ನೂ ತಿರುಗಿಸತಕ್ಕದ್ದಲ್ಲ.

ಮನೆಯಲ್ಲಿ ಮೊದಲು ಬೇಕಾಗುವುದು ಸಾಣೆ. ಅಡಿಕೆಯ ಸುಗ್ಗಿಯಲ್ಲಿ ಮೆಟ್ಟುಗತ್ತಿಗಳು, ಕೊಯ್ಲಿನಲ್ಲಿ ಕುಡುಗೋಲುಗಳು, ಬೇಲಿಯ ಕಾಲದಲ್ಲಿ ಮಚ್ಚು ಕೊಡಲಿಗಳು ದಿನವೂ ಅಲಗಿಗೆ ಬರುತ್ತವೆ. ಅಂಗಡಿಯಲ್ಲಿ ಸಿಗುವ ಆರು ಅಂಗುಲದ ಸಾಣೆಚಕ್ರವನ್ನು ೨೮೮೦ ಸುತ್ತಿನಲ್ಲಿ ತಿರುಗಿಸಿದರೆ ಅದರ ಅಂಚು ಸೆಕೆಂಡಿಗೆ ಸುಮಾರು ೨೩ ಮೀಟರು ಓಡುತ್ತದೆ. ಸಾಧಾರಣ ಚಕ್ರಗಳು ತಾಳುವ ೩೫ ಮೀಟರಿಗೆ ಇದು ಒಳಗೇ ಇದೆ. ಅದೇ ದಂಡಕ್ಕೆ ಹನ್ನೆರಡು ಅಂಗುಲದ ಚಕ್ರವನ್ನು ಸಿಕ್ಕಿಸಿದರೆ ಅಂಚಿನ ವೇಗ ೪೬ ಮೀಟರಾಗಿ ಚಕ್ರ ಸಿಡಿಯುವ ಸಂಭವವುಂಟು. ಚಕ್ರದ ಮೇಲೆ ಅಂಟಿಸಿರುವ ಕಾಗದದಲ್ಲಿ ಅತಿ ಹೆಚ್ಚಿನ ಸುತ್ತನ್ನು ಮುದ್ರಿಸಿರುತ್ತಾರೆ, ಅದನ್ನು ಮೀರಕೂಡದು. ಕೂರಿಸುವ ಮುನ್ನ ಚಕ್ರವನ್ನು ಬೆರಳಿನ ಮೇಲೆ ತೂಗುಬಿಟ್ಟು ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಂಟೆಯಂತೆ ನುಡಿದರೆ ಸರಿ, ಒಡೆದ ಮಡಕೆಯಂತೆ ನುಡಿದರೆ ಬಿರುಕಿದೆ. ಎರಡು ಪಕ್ಕದಲ್ಲಿಯೂ ದಪ್ಪ ಕಾಗದದ ಬಿಲ್ಲೆ, ಮೇಲೆ ಕಬ್ಬಿಣದ ಕವಚ, ಕೈಯೂರುವ ಪಟ್ಟಿಗೂ ಚಕ್ರಕ್ಕೂ ಮೂರು ಮಿಲಿಮೀಟರಿಗಿಂತ ಹೆಚ್ಚಿಲ್ಲದ ಸಂದು, ಕಣ್ಣಿಗೆ ಕನ್ನಡಕ, ಇವು ಇಲ್ಲದೆ ಸಾಣೆಯಿಲ್ಲ. ಹೊಸ ಚಕ್ರವನ್ನು ತಿರುಗಿಸಿದ ಮೊದಲ ಒಂದು ನಿಮಿಷ ಯಾರೂ ಅದರ ಎದುರಿಗೆ ನಿಲ್ಲಬಾರದು.

ಆದರೆ ಮೆಟ್ಟುಗತ್ತಿಗೂ ಕುಡುಗೋಲಿಗೂ ಈ ವೇಗದ ಚಕ್ರ ಒಳ್ಳೆಯದಲ್ಲವೆಂಬುದನ್ನು ಹೇಳಲೇಬೇಕು. ಕಿಡಿ ಹಾರುತ್ತಿದ್ದಂತೆ ಅಲಗು ನೀಲಿಬಣ್ಣಕ್ಕೆ ತಿರುಗಿದರೆ ಅಲ್ಲಿ ಉಕ್ಕು ಹದಗೆಟ್ಟು ಮೆತ್ತಗಾಗಿದೆ; ಅಂಥ ಕತ್ತಿ ಎಷ್ಟು ಹರಿತವಾಗಿ ಕಂಡರೂ ಕೆಲಸಕ್ಕೆ ಕುಳಿತ ಸ್ವಲ್ಪ ಹೊತ್ತಿನಲ್ಲಿ ಮೊಂಡಾಗುವುದು. ಹಿಂದಿನವರು ನೀರು ಹನಿಸುತ್ತ ನಿಧಾನವಾಗಿ ಮಸೆಯುತ್ತಿದ್ದುದಕ್ಕೆ ಇದೇ ಕಾರಣ. ಹಳೆಯ ಮೋಟಾರಿನಿಂದ ಅದೇ ನಿಧಾನವನ್ನು ಪಡೆಯಬಹುದು. ೧೪೪೦ ಸುತ್ತಿನ ಅರ್ಧ ಅಶ್ವಶಕ್ತಿಯ ಮೋಟಾರಿಗೆ ಮೂರು ಅಂಗುಲದ ಪುಲ್ಲಿ. ಅಲ್ಲಿಂದ ನಡುವಣ ದಂಡದ ಮೇಲಿನ ಹನ್ನೆರಡು ಅಂಗುಲದ ಪುಲ್ಲಿಗೆ ಬೆಲ್ಟು. ಆ ದಂಡದ ಇನ್ನೊಂದು ತುದಿಯ ಮೂರು ಅಂಗುಲದ ಪುಲ್ಲಿಯಿಂದ ಕಲ್ಲಿನ ದಂಡದ ಹದಿನಾಲ್ಕು ಅಂಗುಲದ ಪುಲ್ಲಿಗೆ ಮತ್ತೊಂದು ಬೆಲ್ಟು. ಮೊದಲನೆಯ ಇಳಿತದಲ್ಲಿ ೩೬೦, ಎರಡನೆಯದರಲ್ಲಿ ೭೭ ಸುತ್ತು. ಹನ್ನೆರಡು ಅಂಗುಲದ ಮರಳುಗಲ್ಲಿನ ಚಕ್ರ ಈ ವೇಗದಲ್ಲಿ ತಿರುಗುವಾಗ ಮೇಲಿನಿಂದ ಒಂದು ಡಬ್ಬಿಯಿಂದ ನೀರು ತೊಟ್ಟಿಕ್ಕಿಸುತ್ತಿದ್ದರೆ ಅಲಗು ಬಿಸಿಯೇರುವುದಿಲ್ಲ, ಕಿಡಿಯಿಲ್ಲ, ಕಲ್ಲು ಸಿಡಿಯುವ ಭಯವೂ ಬಹುಮಟ್ಟಿಗೆ ಇಲ್ಲ. ನೀರು ಮೋಟಾರಿನ ಕಡೆಗೆ ಚಿಮ್ಮದಂತೆ ನಡುವೆ ತಗಡೊಂದನ್ನು ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ಕಲ್ಲನ್ನು ನೀರಿನಲ್ಲಿ ಅರ್ಧ ಮುಳುಗಿಸಿಟ್ಟರೆ ಒಂದು ಪಕ್ಕ ಮೆತ್ತಗಾಗಿ ಕಲ್ಲು ಸೊಟ್ಟಗೆ ಸವೆಯುವುದು. ಹತ್ತು ಹದಿನೈದು ಜನ ಅಡಿಕೆ ಸುಲಿಯಲು ಕುಳಿತುಕೊಳ್ಳುವ ಮನೆಯಲ್ಲಿ ಇಂಥದೊಂದು ಸಾಣೆ ಇದ್ದರೆ ಅದರ ಬೆಲೆ ಬೇಗ ತಿಳಿಯುತ್ತದೆ.

ಊರ ಕಮ್ಮಾರನ ಕುಲುಮೆಗೆ ತಿದಿಯೊತ್ತಲು ಜನ ಸಿಕ್ಕದಿರುವುದು ಈಗ ಎಲ್ಲೆಡೆಯ ಮಾತು. ಕಾಲು ಅಶ್ವಶಕ್ತಿಯ, ೨೮೮೦ ಸುತ್ತಿನ ಮೋಟಾರಿಗೆ ತಗಡಿನ ಗಾಳಿಚಕ್ರವನ್ನು ಕಟ್ಟಿ ಕೊಳವೆಯಿಂದ ಗಾಳಿಯನ್ನೊಯ್ದರೆ ಆ ಕೊರತೆ ನೀಗುವುದು. ಗಾಳಿಯನ್ನು ಹೆಚ್ಚು ಕಡಮೆ ಮಾಡಲು ಕೊಳವೆಗೆ ಅಡ್ಡ ತಗಡನ್ನಿಟ್ಟರೆ ಸಾಕು. ತಗಡನ್ನು ಮುಚ್ಚಿದಾಗ ಮೋಟಾರಿಗೆ ಭಾರ ಹೆಚ್ಚುವುದೆಂದು ತೋರಬಹುದು, ಆದರೆ ಈ ಬಗೆಯ ಗಾಳಿಚಕ್ರದಲ್ಲಿ ಗಾಳಿ ಕಡಮೆಯಾದಷ್ಟೂ ಹೊರೆಯೂ ಕಡಮೆಯಾಗುತ್ತದೆ. ಊರಿನ ಯಜಮಾನರು ತಮ್ಮಲ್ಲಿ ಬಿದ್ದಿರುವ ಒಂದು ಮೋಟಾರನ್ನು ಕಮ್ಮಾರನಿಗೆ ಕೊಟ್ಟರೆ ಗುಳ, ಹಾರೆ, ಪಿಕಾಸಿಗಳನ್ನು ತಟ್ಟಿಸಲು ಪೇಟೆಗೆ ಹೊತ್ತುಕೊಂಡು ಹೋಗುವುದು ಊರಿಗೇ ತಪ್ಪುತ್ತದೆ.

ಮೇವು ಕತ್ತರಿಸುವ ಕೈಯಂತ್ರಕ್ಕೆ ಮೋಟಾರನ್ನು ಕಟ್ಟುವವರು ಬಹಳ. ಅದರ ದೊಡ್ಡ ಎರಕದ ಚಕ್ರ ಕೈಯಿಂದ ನಿಮಿಷಕ್ಕೆ ನಲವತ್ತು ಐವತ್ತು ಸುತ್ತು ತಿರುಗಲೆಂದು ಮಾಡಿದ್ದು. ನಾಲ್ಕು ಅಡಿಯ ಚಕ್ರದ ಅಂಚಿನ ಮೇಲೆಯೇ ಬೆಲ್ಟನ್ನು ಹಾಯಿಸಿ ೧೪೪೦ ರ ಮೋಟಾರಿಗೆ ಮೂರು ಅಂಗುಲದ ಪುಲ್ಲಿಯನ್ನಿಟ್ಟರೆ ೯೦ ಸುತ್ತು ಬರುತ್ತದೆ. ಇದಕ್ಕಿಂತ ಮೇಲೆ ಹೋಗಕೂಡದು. ಈ ಯಂತ್ರದಲ್ಲಿ ಕೈ ಹೋಗುವುದು ಕತ್ತಿಯಿಂದ ಮಾತ್ರವಲ್ಲ, ಹುಲ್ಲನ್ನು ಒಳಕ್ಕೆಳೆಯುವ ಹಲ್ಲಿನ ಉರುಳೆಗಳಿಂದ. ಕೈಯಿಂದ ತಿರುಗಿಸುವಾಗ ಬೆರಳು ಸಿಕ್ಕಿದರೆ ತಿರುಗಿಸುವವನು ಕೂಡಲೇ ನಿಲ್ಲಿಸುತ್ತಾನೆ, ಮೋಟಾರು ನಿಲ್ಲಿಸುವುದಿಲ್ಲ. ಆದಕಾರಣ ಹುಲ್ಲು ಹಾಕುವ ದೋಣಿಯನ್ನು ಉರುಳೆಯಿಂದ ಹಿಂದಕ್ಕೆ ಒಂದು ಮೊಳದುದ್ದ ಮೇಲಿನಿಂದ ಮುಚ್ಚಿಸಿದ ಹೊರತು ಮೋಟಾರನ್ನು ಕಟ್ಟಲೇಬಾರದು. ಒಕ್ಕಣೆಯ ಯಂತ್ರಗಳಲ್ಲಿ ಕೂಲಿಯವರ ಕೈಗಳು ಹೋದುವೆಂದೇ ೧೯೮೩ ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದಿತೆಂಬುದನ್ನು ಕೂಲಿಗೆ ಜನರನ್ನಿಡುವ ಜಮೀನುದಾರರು ನೆನಪಿನಲ್ಲಿಡಬೇಕು.

ತೂತು ಕೊರೆಯುವ ಯಂತ್ರ, ಚಿಕ್ಕ ಮರದ ಲೇತು, ಅಡಿಕೆ ಸುಲಿಯುವ ಯಂತ್ರದ ಸುಟ್ಟ ಮೋಟಾರಿಗೆ ಬದಲು, ಇವಕ್ಕೂ ಅಶ್ವಶಕ್ತಿ ಮತ್ತು ಸುತ್ತು ಹೊಂದಿದರೆ ಹಳೆಯದನ್ನು ಬಳಸಬಹುದು. ಮರ ಸೀಳುವ ಗರಗಸಕ್ಕೆ ಮಾತ್ರ ಕೈಹಾಕಬಾರದು. ಅರಣ್ಯ ಇಲಾಖೆಯ ಪರವಾನಗಿಯಿಲ್ಲದೆ ಅದನ್ನು ನಡೆಸುವುದು ಅಪರಾಧ, ಮತ್ತು ಮನೆಯಲ್ಲಿ ಹೂಡಿದ ಗರಗಸದಷ್ಟು ಕ್ರೂರವಾದ ಯಂತ್ರ ಮತ್ತೊಂದಿಲ್ಲ.

ಪ್ರಾಣರಕ್ಷಣೆ

ಮೋಟಾರಿನ ಕಬ್ಬಿಣದ ಕವಚಕ್ಕೆ ಭೂಸಂಪರ್ಕ ಕೊಡದಿರುವುದೇ ಮರಣಗಳಿಗೆ ಮುಖ್ಯ ಕಾರಣ. ಮೂರು ಫೇಸಿನ ಮೋಟಾರಿಗೆ ಬೇರೆ ಬೇರೆಯಾದ ಎರಡು ಭೂಸಂಪರ್ಕಗಳಿರತಕ್ಕದ್ದು. ನೀರಿನ ಕೊಳವೆಗೆ ತಂತಿ ಸುತ್ತಿದರೆ ಅದು ಭೂಸಂಪರ್ಕವಾಗಲಾರದು. ಇದರೊಡನೆ ೩೦ ಮಿಲಿಆಂಪಿಯರಿನ ಸೋರಿಕೆ ಹರಿಯಿತೆಂದರೆ ತಾನೇ ಸಂಪರ್ಕವನ್ನು ಕಡಿಯುವ ಸ್ವಿಚ್ಚನ್ನು ಹಾಕಿಸಿದರೆ ಮನೆಯ ಮಕ್ಕಳಿಗೂ ದನಗಳಿಗೂ ರಕ್ಷಣೆ. ಒದ್ದೆ ನೆಲದ ಕೊಟ್ಟಿಗೆಯಲ್ಲಿ ಇದು ಅತ್ಯವಶ್ಯಕ.

ಗೋಡೆಯ ಸಾಮಾನ್ಯ ಸ್ವಿಚ್ಚಿನಿಂದ ಮೋಟಾರನ್ನು ನಡೆಸುವುದು ಇನ್ನೊಂದು ಅಪಾಯ. ವಿದ್ಯುತ್ತು ಹೋದಾಗ ಯಂತ್ರ ನಿಲ್ಲುತ್ತದೆ. ಸಿಕ್ಕಿಕೊಂಡ ಹುಲ್ಲನ್ನು ತೆಗೆಯಲು ಕೆಲಸದವನು ಕೈಯಿಡುತ್ತಾನೆ. ಸ್ವಿಚ್ಚು ಹಾಕಿದಂತೆಯೇ ಇರುವುದರಿಂದ ವಿದ್ಯುತ್ತು ಮರಳಿದ ಕ್ಷಣವೇ ಯಂತ್ರ ಓಡುತ್ತದೆ. ಪಂಪುಸೆಟ್ಟಿಗೆ ಬಳಸುವ ಗುಂಡಿಯ ಸ್ಟಾರ್ಟರಿನಲ್ಲಿ ವಿದ್ಯುತ್ತು ಹೋದೊಡನೆ ಸಂಪರ್ಕ ಬಿಟ್ಟುಹೋಗಿ, ಮತ್ತೆ ಹಸುರು ಗುಂಡಿಯನ್ನೊತ್ತುವ ತನಕ ಯಂತ್ರ ತಿರುಗುವುದಿಲ್ಲ. ಹಳೆ ಮೋಟಾರಿನೊಡನೆ ಹಳೆ ಸ್ಟಾರ್ಟರೂ ಸಾಮಾನ್ಯವಾಗಿ ಮನೆಯಲ್ಲಿಯೇ ಬಿದ್ದಿರುತ್ತದೆ. ಅದನ್ನು ದುರಸ್ತಿ ಮಾಡಿಸಿ, ಹೊರೆಯ ಮಿತಿಯನ್ನು ತಗಡಿನಲ್ಲಿರುವ ಆಂಪಿಯರಿಗೆ ಸರಿಯಾಗಿ ಇಡಿಸಿ, ಕೆಲಸ ಮಾಡುವವನ ಕೈಗೆಟುಕುವ ಕಡೆ ಕೂರಿಸಬೇಕು. ಬೆಲ್ಟು ಪುಲ್ಲಿಗಳ ಮೇಲೆ ಜಾಲರಿಯ ಮುಚ್ಚಳವಿರಲಿ. ಹೆಗಲ ಮೇಲಿನ ಟವೆಲು, ಪಂಚೆಯ ಅಂಚು, ಹೆಂಗಸರ ಸೆರಗು ಮತ್ತು ಜಡೆ, ಇವನ್ನು ಬೆಲ್ಟು ಹಿಡಿದರೆ ಬಿಡಿಸಿಕೊಳ್ಳುವಷ್ಟು ಸಮಯವಿರುವುದಿಲ್ಲ.

ಕಾನೂನಿನ ಮಾತು

ಕರ್ನಾಟಕದಲ್ಲಿ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುಚ್ಛಕ್ತಿ ಉಚಿತ. ಆ ಸಂಪರ್ಕದಿಂದ ಸಾಣೆಯನ್ನಾಗಲಿ ಮೇವಿನ ಯಂತ್ರವನ್ನಾಗಲಿ ನಡೆಸುವುದು ೨೦೦೩ ರ ವಿದ್ಯುಚ್ಛಕ್ತಿ ಕಾಯಿದೆಯ ೧೨೬ ನೆಯ ಪ್ರಕರಣದ ಮೇರೆಗೆ ಅನಧಿಕೃತ ಬಳಕೆಯೆನಿಸಿ, ಎರಡರಷ್ಟು ದರದಲ್ಲಿ ಹಣ ಕಟ್ಟಬೇಕಾಗುವುದು. ಮನೆಯ ಸಂಪರ್ಕದಲ್ಲಿ ನಡೆಸುವವರೂ ಮಂಜೂರಾದ ಹೊರೆಗೆ ಮೋಟಾರು ಹೊಂದುವುದೇ ಎಂಬುದನ್ನು ಮೆಸ್ಕಾಂ ಉಪವಿಭಾಗದ ಕಛೇರಿಯಲ್ಲಿ ವಿಚಾರಿಸಿ, ಬೇಕಾದರೆ ಹೆಚ್ಚಿನ ಹೊರೆಗೆ ಅರ್ಜಿ ಕೊಡಬೇಕು. ತಂತಿಯ ಕೆಲಸವನ್ನು ಲೈಸೆನ್ಸು ಪಡೆದವರಿಂದಲೇ ಮಾಡಿಸತಕ್ಕದ್ದು.

ತೋಟಗಳಿಂದ ಪಂಪಿನ ಮೋಟಾರುಗಳೂ ಕೇಬಲುಗಳೂ ಕಳುವಾಗುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಹೆಸರಿನ ತಗಡನ್ನು ಕಿತ್ತ ಅಥವಾ ಅಂಕಿಗಳನ್ನು ಅರದಿಂದ ಉಜ್ಜಿದ ಮೋಟಾರು ಅಗ್ಗಕ್ಕೆ ಬಂದಿತೆಂದು ಕೊಳ್ಳುವವನು, ಅದು ಕಳವಿನ ಮಾಲೆಂದು ಅರಿತೇ ಕೊಂಡದ್ದಾದರೆ ಕಳ್ಳನಂತೆ ತಾನೂ ದಂಡನೆಗೆ ಗುರಿಯಾಗುವನು. ಗುಜರಿಯಲ್ಲಿ ಕೊಳ್ಳುವಾಗ ಮೋಟಾರಿನ ಸಂಖ್ಯೆಯನ್ನು ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ತಮ್ಮ ಊರಿನ ರೈತರೆಲ್ಲರ ಮೋಟಾರುಗಳ ತಯಾರಕರ ಹೆಸರು, ಸಂಖ್ಯೆ, ಅಶ್ವಶಕ್ತಿಗಳನ್ನು ಊರ ಯಜಮಾನರು ಒಂದು ಪುಸ್ತಕದಲ್ಲಿ ಬರೆಯಿಸಿಟ್ಟರೆ, ಕಳುವಾದಾಗ ಪೊಲೀಸರಿಗೆ ಕೊಡಲು ಗುರುತು ದೊರೆಯುತ್ತದೆ. ಯಾರ ಮನೆಯಲ್ಲಿ ಯಾವ ಮೋಟಾರು ಕೆಲಸವಿಲ್ಲದೆ ಬಿದ್ದಿದೆ, ಯಾರಿಗೆ ಬೇಕಾಗಿದೆ ಎಂಬುದೂ ಅದೇ ಪುಸ್ತಕದಿಂದ ಗೊತ್ತಾಗುತ್ತದೆ. ಯಂತ್ರಗಳ ಆಯ್ಕೆಯ ವಿಷಯದಲ್ಲಿ ಸಲಹೆ ಬೇಕಾದವರು ಶಿವಮೊಗ್ಗದ ನವುಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.